ವಿಠೋಬಣ್ಣನ ಅರವತ್ತು ವ್ಯಾಟು

ನಮ್ಮೂರಿನಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ. ದೀಪದ ಕೆಳಗೆ ಕೂತರಂತೂ ಇನ್ನೂ ಗಟ್ಟಿ. ಹೊರಗಿನಿಂದ ಬಂದವರು ಮೊದಲ ದಿನ ಇಲ್ಲಿ ಮನೆಮನೆಯಲ್ಲೂ ಜಗಳ ನಡೆದಿದೆ ಅಂದುಕೊಳ್ಳುತ್ತಾರೆ. ಆಮೇಲೆ ಯಾರದೋ ಮನೆಯಲ್ಲಿ ಬಲ್ಬು ಫ್ಯೂಸ್ ಆಗುವುದನ್ನು ಒಮ್ಮೆ ಕೇಳಿದರೆ ಮುಗಿಯಿತು, ಮರುದಿನದಿಂದ ತಾವೂ ಕೂಗತೊಡಗುತ್ತಾರೆ.

ಬಲ್ಬು ಇಲ್ಲಿ ಸುಮ್ಮನೆ ಆರುವುದಿಲ್ಲ. ತನ್ನ ಕೆಳಗೆ ಆಡಿದ ಮಾತುಗಳಲ್ಲಿ ಎಲ್ಲಕ್ಕಿಂತ ಮೆಲ್ಲಗೆ ಆಡಿದ ಒಂದು ಮಾತನ್ನು ಗಟ್ಟಿಯಾಗಿ ಹೇಳಿ ಆರುತ್ತದೆ. ಎಲ್ಲ ಬಲ್ಬುಗಳದ್ದೂ ಒಂದೇ ದನಿ, ಸ್ಟೀಲ್ ತಟ್ಟೆಯ ಮೇಲೆ ಚಮಚ ಎಳೆದ ಹಾಗೆ. ಹಾಗಾಗಿ ಆಡಿದವರು ಯಾರೆಂದು ತಿಳಿಯುವುದಿಲ್ಲ, ಊಹಿಸಿಕೊಳ್ಳಬೇಕು. ಯಾರದೆಂದು ವಿಚಾರಿಸುವಂತಿಲ್ಲ. ಹೊಸ ಬಲ್ಬು ಹಾಕಿ ಬೆಳಕು ಬರುವವರೆಗೆ ಆ ಕೋಣೆಯಲ್ಲಿ ಯಾರೂ ಬಾಯಿ ಬಿಡಬಾರದು, ಬೆಳಕು ಬಂದ ಮೇಲೆ ಹಳೆಯದರ ಮಾತೆತ್ತಬಾರದು. ಇದು ಊರಿನ ಕ್ರಮ. ಒಡೆದ ಬಲ್ಬಾಗಲಿ, ಇನ್ನೂ ಜೀವ ಇರುವಾಗಲೇ ಬಿಚ್ಚಿದ ಬಲ್ಬಾಗಲಿ ಏನೂ ಹೇಳುವುದಿಲ್ಲ. ಆದರೆ ಹಾಗೆ ಬಿಚ್ಚಿ ಎಸೆದ ಮನೆಯ ಬಗ್ಗೆ, ಬಲ್ಬು ಹೇಳಬಹುದಾಗಿದ್ದಕ್ಕಿಂತ ಹೆಚ್ಚು ಮಾತು ಬೀದಿಯಲ್ಲಿ ಹುಟ್ಟುತ್ತದೆ. ಟ್ಯೂಬ್‌ಲೈಟುಗಳು ಸಾಯುವ ಮೊದಲು ವಾರಗಟ್ಟಲೆ ಮಿಣುಕುತ್ತ ತೊದಲುತ್ತವೆ, ಒಂದಕ್ಷರ ಅರ್ಥವಾಗುವುದಿಲ್ಲ. ಶಾಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಅವನ್ನೇ ಹಾಕಿರುವುದು ಅದಕ್ಕೇ.

ನನಗೆ ಕೂಗಲು ಬರುವುದಿಲ್ಲ. ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ಹಿತ್ತಲಿನ ನಲ್ಲಿಯ ಹತ್ತಿರ ನಿಲ್ಲಿಸಿ, ನೀರು ಪೂರ್ತಿ ಬಿಟ್ಟು, ಅದರ ಸದ್ದು ಮೀರಿ ಮಗ್ಗಿ ಹೇಳಿಸುತ್ತಿದ್ದಳು. ಹದಿನಾರರ ಮಗ್ಗಿ ಬಾಯಿಪಾಠವಾಯಿತು, ದನಿ ಏರಲಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ಜನರಿದ್ದೇವೆ, ಆದರೆ ನನಗೆ ಬುದ್ಧಿ ಬಂದಾಗಿನಿಂದ ಆರಿದ ಎಲ್ಲ ಬಲ್ಬುಗಳೂ ನನ್ನ ಮಾತನ್ನೇ ಹೇಳಿ ಆರಿವೆ. ಅಡುಗೆಮನೆಯದು ಸಾರಿಗೆ ಉಪ್ಪು ಜಾಸ್ತಿ ಎಂದಿತು. ಬಚ್ಚಲಿನದು ನಾನು ಹಾಡಿಕೊಂಡ ಒಂದು ಸಾಲನ್ನು ಹಾಡದೆ ಬರೀ ಓದಿತು. ಪಡಸಾಲೆಯದು ಕಳೆದ ವರ್ಷ, ಹುಡುಗನ ಕಡೆಯವರು ಕೂತು ಉಪ್ಪಿಟ್ಟು ತಿನ್ನುತ್ತಿದ್ದಾಗ, ಸಂಜೆ ಐದೂವರೆಗೆ, ಈ ಹುಡುಗ ಬೇಡ ಅನ್ನಿಸುತ್ತಿದೆ ಎಂದು ಹೇಳಿ ಟಪ್ಪನೆ ಆರಿತು. ಕ್ರಮದ ಪ್ರಕಾರ ಯಾರೂ ಮಾತಾಡಲಿಲ್ಲ. ಅಪ್ಪ ಹೊಸ ಬಲ್ಬು ಹಾಕುವಷ್ಟರಲ್ಲಿ ಅವರು ಉಪ್ಪಿಟ್ಟು ಮುಗಿಸಿ ಚಪ್ಪಲಿ ಹುಡುಕುತ್ತಿದ್ದರು.

ಆವತ್ತಿನಿಂದ ನಾನು ಹೇಳಬೇಕಾದ್ದನ್ನೆಲ್ಲ ಡೈರಿಯಲ್ಲಿ ಬರೆಯುತ್ತೇನೆ. ಬಲ್ಬಿಗೆ ಕಿವಿ ಇದೆ, ಓದು ಬರುವುದಿಲ್ಲ.

ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದ ನನಗೆ ವಿದ್ಯುತ್ ಕಚೇರಿಯ ಈ ಕೆಲಸ ಕೊಡಿಸಿದ್ದೂ ಅಮ್ಮನೇ. ಊರಿನ ಹಳೆಯ ಬಲ್ಬುಗಳನ್ನೆಲ್ಲ ಪಡೆದು ಬದಲಿಗೆ ಎಲ್‌ಇಡಿ ಕೊಡುವ ಯೋಜನೆ ಬಂದಿತ್ತು. ಮನೆಮನೆಗೆ ಹೋಗಿ ಅದರ ಪ್ರಯೋಜನ ತಿಳಿಸಲು ಪದವೀಧರರು ಬೇಕಾಗಿದ್ದರು. ಕಚೇರಿಯ ದಸ್ತಗೀರ್ ಸರ್ ಸಂದರ್ಶನದಲ್ಲಿ ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಉತ್ತರಿಸಿದೆ. ಒಂದೂ ಅವರಿಗೆ ಕೇಳಿಸಲಿಲ್ಲ. ಕರಪತ್ರ ಓದಿಕೊಳ್ಳೋಕೆ ಬರುತ್ತಲ್ಲ, ಸಾಕು ಎಂದು ಚೀಲ ಕೊಟ್ಟರು.

ನಾನು ಈ ಕೆಲಸದಲ್ಲಿ ಗೆದ್ದೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಜೊತೆಯವರು ಬಾಗಿಲಲ್ಲೇ ಪ್ರಯೋಜನಗಳನ್ನು ಕೂಗುತ್ತಿದ್ದರು. ಜನ ಒಳಗಿನಿಂದಲೇ ಬೇಡ ಎಂದು ಕೂಗುತ್ತಿದ್ದರು. ನನ್ನ ಮಾತು ಕೇಳಬೇಕಾದರೆ ಅವರು ಅಂಗಳಕ್ಕೆ ಬಂದು ಕಿವಿ ಬಗ್ಗಿಸಬೇಕು. ಒಮ್ಮೆ ಬಗ್ಗಿದವರು ಮರ್ಯಾದೆಗಾದರೂ ಪೂರ್ತಿ ಕೇಳುತ್ತಿದ್ದರು. ಒಂಬತ್ತು ವ್ಯಾಟು ಅರವತ್ತರ ಕೆಲಸ ಮಾಡುತ್ತದೆ ಎನ್ನುತ್ತಿದ್ದೆ. ಬಿಸಿಯಾಗುವುದಿಲ್ಲ, ಕೆಳಗೆ ಕೂತು ಓದುವವರ ನೆತ್ತಿ ಕಾಯುವುದಿಲ್ಲ. ಹುಳು ಕಡಿಮೆ ಬರುತ್ತವೆ. ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಇಪ್ಪತ್ತೈದು ಸಾವಿರ ಗಂಟೆ ಉರಿಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ಅವರು ತಲೆಯೆತ್ತಿ, ಆಮೇಲೆ ಏನು ಹೇಳುತ್ತೆ ಎಂದು ಕೇಳುತ್ತಿದ್ದರು.

ಏನು ಹೇಳುತ್ತದೋ ಯಾರಿಗೂ ಗೊತ್ತಿರಲಿಲ್ಲ. ಕರಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ದಸ್ತಗೀರ್ ಸರ್ ಅವರನ್ನು ಕೇಳಿದರೆ, ದಿನಕ್ಕೆ ಐದು ಗಂಟೆ ಹಾಕಿದರೂ ಹದಿಮೂರು ವರ್ಷ, ಅಷ್ಟೊತ್ತಿಗೆ ನಾನು ರಿಟೈರ್ ಆಗಿರ್ತೀನಿ ಅಂದರು. ಈ ಉತ್ತರವನ್ನೇ ನಾನು ಸ್ವಲ್ಪ ತಿದ್ದಿ ಜನರಿಗೆ ಹೇಳಿದೆ. ಅವರಿಗೆ ಅದೇ ದೊಡ್ಡ ಪ್ರಯೋಜನವಾಗಿ ಕಂಡಿತು. ಬಿಚ್ಚಿ ಎಸೆದರೆಂಬ ಅಪವಾದವಿಲ್ಲ, ಸರಕಾರವೇ ಬಂದು ತೆಗೆದುಕೊಂಡು ಹೋಗುತ್ತಿದೆ. ಹೊಸದಾಗಿ ಮದುವೆಯಾದವರು ಎರಡೂ ಕೈಯಲ್ಲಿ ಬಲ್ಬು ಹಿಡಿದು ನನಗಾಗಿ ಕಾಯುತ್ತಿದ್ದರು. ಒಂದು ಮನೆಯ ಅತ್ತೆ ಮಾತ್ರ ಹನ್ನೊಂದು ಬಲ್ಬು ಕೊಟ್ಟು ಅಡುಗೆಮನೆಯದನ್ನು ಕೊಡಲಿಲ್ಲ. ಅದರಲ್ಲಿ ಸೊಸೆಯದೇನೋ ಇದೆ, ಅದು ಬರಲಿ, ಆಮೇಲೆ ನಿನ್ನದು ಹಾಕೋಣ ಎಂದರು. ಸೊಸೆ ಅವರ ಬೆನ್ನ ಹಿಂದೆ ನಿಂತು ನನಗೆ ಕೈಸನ್ನೆ ಮಾಡುತ್ತಿದ್ದಳು. ನಾನು ಆ ಮಾತು ಕೇಳಲಿಲ್ಲ, ಈ ಸನ್ನೆ ನೋಡಲಿಲ್ಲ ಎಂಬಂತೆ ಚೀಟಿ ಬರೆದೆ. ನಿವೃತ್ತ ಮೇಷ್ಟ್ರೊಬ್ಬರು ಹೊಸ ಬೆಳಕಿನಲ್ಲಿ ತಮ್ಮ ಕಂದು ಶಾಲು ಹಸಿರೆಂದು ಕಂಡುಹಿಡಿದು ಮೂರು ದಿನ ಅದನ್ನೇ ಹೊದ್ದು ತಿರುಗಿದರು.

ಆರನೇ ವಾರಕ್ಕೆ ದರ್ಜಿ ಓಣಿ ಒಂದೇ ಉಳಿಯಿತು. ಆ ಓಣಿಯಲ್ಲೂ ಕೊನೆಯ ಅಂಗಡಿ ಒಂದೇ. ವಿಠೋಬಣ್ಣನದು.

ಅಲ್ಲಿಗೆ ಹೋಗಲು ನನಗೆ ಕಾಲು ಬರುತ್ತಿರಲಿಲ್ಲ, ಅದಕ್ಕೊಂದು ಕಾರಣವಿತ್ತು. ಆರು ವರ್ಷದ ಹಿಂದೆ, ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಅವರ ಹತ್ತಿರ ನೀಲಿ ರವಿಕೆ ಹೊಲಿಸಿದ್ದೆ. ಪರದೆಯ ಹಿಂದೆ ಹೋಗಿ ತೊಟ್ಟು ನೋಡಿದರೆ ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ. ಎರಡು ಕೈಯೂ ಹಿಂದಕ್ಕೆ ಎಳೆದು ನಾನು ಯಾರಿಗೋ ಶರಣಾದ ಹಾಗೆ ಕಾಣುತ್ತಿದ್ದೆ. ಕನ್ನಡಿಯಲ್ಲಿ ನೋಡಿಕೊಂಡು, ಇವರಿಗೆ ಹೊಲಿಯೋಕೆ ಬರಲ್ಲ ಎಂದು ಉಸುರಿದೆ. ಹೊರಗೆ ಬಂದು ಚೆನ್ನಾಗಿದೆ ಎಂದು ತಲೆಯಾಡಿಸಿ ಮನೆಗೆ ನಡೆದೆ. ತಲೆಯ ಮೇಲಿದ್ದದ್ದು, ತಳದಲ್ಲಿ ನೀಲಿ ಪೇಂಟಿನ ಚುಕ್ಕೆಯಿದ್ದ ಅರವತ್ತು ವ್ಯಾಟಿನ ಬಲ್ಬು ಎಂಬುದು ದಾರಿಯಲ್ಲಿ ಹೊಳೆಯಿತು. ಇರಲಿ, ನಾಲ್ಕು ತಿಂಗಳಲ್ಲಿ ಆರುತ್ತದೆ, ನಾನು ಆ ಓಣಿಗೆ ಹೋಗದಿದ್ದರಾಯಿತು ಅಂದುಕೊಂಡೆ.

ಈಗ ಹೋಗಿ ನೋಡಿದರೆ ಅದೇ ಬಲ್ಬು, ತಳದಲ್ಲಿ ನೀಲಿ ಪೇಂಟಿನ ಅದೇ ಚುಕ್ಕೆಯ ಸಮೇತ, ಬೆಳಿಗ್ಗೆ ಹತ್ತೂವರೆಗೆ ಉರಿಯುತ್ತಿತ್ತು. ಉರಿಯುತ್ತಿತ್ತು ಎಂದರೆ ಹೆಚ್ಚಾಯಿತು. ಅಂಗಡಿ ಓಣಿಯ ಕಟ್ಟಕಡೆಯ ಕಂಬದಿಂದ ತಂತಿ ಎಳೆದದ್ದು, ಅಲ್ಲಿಗೆ ತಲುಪುವಷ್ಟರಲ್ಲಿ ಕರೆಂಟಿಗೆ ಉಸಿರಿರುವುದಿಲ್ಲ. ಅಂಥ ಕರೆಂಟಿಗೆ ಬಲ್ಬು ಸರಿಯಾಗಿ ಉರಿಯುವುದೂ ಇಲ್ಲ, ಸಾಯುವುದೂ ಇಲ್ಲ. ಹುಣಸೆಹಣ್ಣಿನ ನೀರಿನಂಥ ಆ ಬೆಳಕಿನಲ್ಲಿ ವಿಠೋಬಣ್ಣ ಸೂಜಿಯನ್ನು ಮೂಗಿನ ಹತ್ತಿರ ಹಿಡಿದು ದಾರ ಪೋಣಿಸುತ್ತಿದ್ದರು.

ನಾನು ಪ್ರಯೋಜನಗಳನ್ನು ಹೇಳಿದೆ. ಅವರು ತಲೆಯೆತ್ತಿ ಬಾಗಿಲ ಕಡೆ ನೋಡಿದರು.

"ಏನವ್ವಾ, ಗಾಳಿ ಬೀಸಿದಂಗಾತು. ನೀನೇನರ ಮಾತಾಡಿದಿಯೇನು?"

ಕರಪತ್ರ ಕೊಟ್ಟೆ. ಅದನ್ನೂ ಮೂಗಿನ ಹತ್ತಿರ ಹಿಡಿದರು, ಓದಲಾಗದೆ ಮಡಚಿ ಅಂಗಿಯೊಂದರ ಕಾಲರಿಗೆ ಅಳತೆಯಾಗಿ ಇಟ್ಟುಕೊಂಡರು. ಬೇಡ ಎಂದರು. ಯಾಕೆ ಬೇಡವೆಂಬುದನ್ನು ಅವರು ಇಡೀ ಓಣಿಗೆ ಕೇಳುವ ಹಾಗೆ ಹೇಳಿದರು, ಓಣಿಗೆ ಅದು ಮೊದಲೇ ಗೊತ್ತಿತ್ತು ಕೂಡ. ಅವರ ಹೆಂಡತಿ ತುಳಸಾಬಾಯಿ ಏಳು ವರ್ಷದ ಹಿಂದೆ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರ ಮಂಚ ಅಂಗಡಿಯಲ್ಲೇ ಇತ್ತು, ಲಗ್ನದ ಹೊಲಿಗೆ ತುಂಬಾ ಇದ್ದು ಇವರು ಮಿಷಿನ್ ಬಿಟ್ಟು ಏಳುವಂತಿರಲಿಲ್ಲ. ಒಂದು ಸಾಯಂಕಾಲ ತುಳಸಾಬಾಯಿ ಇವರ ಕಡೆ ತಿರುಗಿ ಏನೋ ಅಂದರು. ತುಟಿ ಆಡಿದ್ದು ಕಂಡಿತು. ಮಿಷಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಇವರು ಕಾಲು ನಿಲ್ಲಿಸಿ ಏನಂದೆ ಎಂದು ಕೇಳುವಷ್ಟರಲ್ಲಿ ಅವರು ಕಣ್ಣು ಮುಚ್ಚಿದ್ದರು, ಮರುದಿನ ಬೆಳಿಗ್ಗೆ ಹೋದರು. ಆ ಮಾತು ಈ ಬಲ್ಬಿನಲ್ಲಿದೆ. ಅದು ಹೇಳುವಾಗ ತಾವು ಇಲ್ಲಿಲ್ಲದಿದ್ದರೆ ಆ ಮಾತು ಖಾಲಿ ಅಂಗಡಿಗೆ ಹೋಗುತ್ತದೆ. ಅದಕ್ಕೇ ಏಳು ವರ್ಷದಿಂದ ಅವರು ಬಲ್ಬು ಆರಿಸಿಲ್ಲ, ಅಂಗಡಿ ಬಿಟ್ಟು ಓಣಿಯ ತುದಿ ದಾಟಿಲ್ಲ. ಮಗಳು ದಿನಾ ಊಟ ಇಲ್ಲಿಗೇ ತರುತ್ತಾಳೆ. ಮಲಗುವುದು ಮಿಷಿನ್ನಿಗೆ ಒರಗಿ, ಒಂದು ಕಿವಿ ಮೇಲೆ ಮಾಡಿ.

ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ. ಆವತ್ತಿನ ಡೈರಿಯ ಪುಟದಲ್ಲಿ ದಿನಾಂಕ ಮಾತ್ರ ಇದೆ.

ಬುಧವಾರ ಕಚೇರಿಯಲ್ಲಿ ದಸ್ತಗೀರ್ ಸರ್ ಖುಷಿಯಲ್ಲಿದ್ದರು. ಎಲ್‌ಇಡಿಯಿಂದ ಊರಿನ ಹೊರೆ ಇಳಿದು ಒಂದು ಟ್ರಾನ್ಸ್‌ಫಾರ್ಮರ್ ಬಿಡುವಾಗಿತ್ತು, ಅದನ್ನು ದರ್ಜಿ ಓಣಿಗೆ ಕೊಡುತ್ತಾರಂತೆ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಓಣಿಗೆ ಪೂರ್ತಿ ವೋಲ್ಟೇಜು. ಹಳೆಯ ಬಲ್ಬು ಉಳಿದಿದ್ದರೆ ಮೊದಲೇ ತೆಗೆಸು, ಅರ್ಧ ಕರೆಂಟಿಗೆ ಒಗ್ಗಿಕೊಂಡವು, ಒಂದು ಗಳಿಗೆ ತಡೆಯಲ್ಲ ಎಂದರು.

ಅಂದರೆ ಶುಕ್ರವಾರ ಹನ್ನೆರಡಕ್ಕೆ ವಿಠೋಬಣ್ಣನ ಬಲ್ಬು ಬಾಯಿ ಬಿಡುತ್ತದೆ. ನನಗಿಂತ ಮೆಲ್ಲಗೆ ಅದರ ಕೆಳಗೆ ಯಾರೂ ಮಾತಾಡಿರಲಾರರು, ಹಾಗಾಗಿ ಏಳು ವರ್ಷ ಕಾದ ಮನುಷ್ಯನಿಗೆ, ಇವರಿಗೆ ಹೊಲಿಯೋಕೆ ಬರಲ್ಲ ಎಂದು ಹೇಳುತ್ತದೆ. ಹೆಂಡತಿಯ ಕೊನೆಯ ಮಾತು ಅದೇ ಎಂದು ಅವರು ನಂಬುತ್ತಾರೆ. ಹೊಸ ಬಲ್ಬು ಹಾಕಿದ ಮೇಲೆ ಅದರ ಮಾತೆತ್ತಬಾರದೆಂಬುದು ಕ್ರಮ, ಹಾಗಾಗಿ ನಾನು ಆಮೇಲೆ ಹೋಗಿ ತಿದ್ದುವಂತೆಯೂ ಇಲ್ಲ.

ಗುರುವಾರವೆಲ್ಲ ನಾನು ಡೈರಿಯಲ್ಲಿ ಬರೆದು ಹೊಡೆದುಹಾಕಿದೆ. ಅವರು ಅಂಗಡಿಯ ಹಿಂದೆ ಸ್ನಾನಕ್ಕೆ ಹೋದಾಗ ಬಲ್ಬು ಬದಲಿಸಿಬಿಡಬಹುದು, ಚೀಲದಲ್ಲಿ ಎಲ್‌ಇಡಿ ಇದೆ, ಎರಡು ನಿಮಿಷದ ಕೆಲಸ. ಆದರೆ ಆಮೇಲೆ ಅವರು ಎಲ್‌ಇಡಿಯ ಕೆಳಗೆ ಕೂತು ಏನನ್ನು ಕಾಯಬೇಕು? ಒಂದು ಪತ್ರ ಬರೆಯಬಹುದು. ಬರೆದೆ ಕೂಡ, ಚೆನ್ನಾಗಿ ಬಂದಿತ್ತು. ಆ ಬೆಳಕಿನಲ್ಲಿ ಅವರಿಗೆ ಓದಲಾಗುವುದಿಲ್ಲ, ಓಣಿಯ ಯಾರೋ ಅದನ್ನು ಕೂಗಿ ಓದಿ ಹೇಳುತ್ತಾರೆ ಎಂಬುದು ಲಕೋಟೆಗೆ ಅಂಟು ಹಚ್ಚುವಾಗ ನೆನಪಾಯಿತು. ಅಮ್ಮ ಬಾಗಿಲಲ್ಲಿ ನಿಂತು, ಏನೇ ಕಾತ್ಯಾಯಿನಿ, ಊಟ ಬಿಟ್ಟು ಅದೇನು ಗೀಚ್ತಿದ್ದೀಯ ಎಂದು ಕೂಗಿದಳು. ಏನಿಲ್ಲ ಎಂದೆ. ಅವಳಿಗೆ ಕೇಳಿಸಲಿಲ್ಲ. ನನ್ನ ಕೋಣೆಯ ಬಲ್ಬಿಗೆ ಕೇಳಿಸಿರಬೇಕು.

ಶುಕ್ರವಾರ ಹತ್ತೂವರೆಗೆ ಅಂಗಡಿಯ ಮುಂದೆ ನಿಂತೆ. ವಿಠೋಬಣ್ಣ ನೋಡಿದರು, ಬಂತು ನೋಡು ಗಾಳಿ ಎಂದು ನಕ್ಕರು. ನಾನು ಹಿತ್ತಲಿನ ನಲ್ಲಿಯನ್ನು ನೆನೆದು ಕಣ್ಣು ಮುಚ್ಚಿಕೊಂಡೆ.

"ವಿಠೋಬಣ್ಣ, ಈ ಬಲ್ಬು ಹೇಳೋದು ನಿಮ್ಮ ಮನೆಯವರ ಮಾತಲ್ಲ. ನನ್ನ ಮಾತು."

ಎಷ್ಟು ಗಟ್ಟಿಯಾಗಿ ಬಂತೆಂದರೆ ಎದುರಿನ ಅಂಗಡಿಯವನ ಕತ್ತರಿ ನಿಂತಿತು. ನನ್ನ ಕಿವಿಯೇ ಗುಂಯ್ ಎಂದಿತು. ಶುರುವಾದದ್ದು ನಿಲ್ಲಲಿಲ್ಲ, ಶುಕ್ರವಾರದ ವೋಲ್ಟೇಜು, ಆರು ವರ್ಷದ ಹಿಂದಿನ ರವಿಕೆ, ನಮ್ಮ ಮನೆಯ ಬಲ್ಬುಗಳು, ಉಪ್ಪಿಟ್ಟು, ನನಗಿಂತ ಮೆಲ್ಲಗೆ ಮಾತಾಡುವವರು ಈ ಊರಿನಲ್ಲಿ ಹುಟ್ಟಿಲ್ಲ ಎಂಬುದು, ಎಲ್ಲವನ್ನೂ ಅದೇ ದನಿಯಲ್ಲಿ ಹೇಳಿ ಮುಗಿಸಿದೆ.

ವಿಠೋಬಣ್ಣ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಏನಂದಿದ್ದಿ ನೀನು?"

"ಇವರಿಗೆ ಹೊಲಿಯೋಕೆ ಬರಲ್ಲ ಅಂದಿದ್ದೆ."

"ಅವತ್ತು ನನಗೇ ಯಾಕ ಹೇಳಲಿಲ್ಲ?"

"ನಿಮಗೇ ಹೇಳಬೇಕು ಅಂತಿದ್ದೆ. ಅಷ್ಟೇ ದನಿ ಬಂತು."

ಅವರ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಅವರು ಕನ್ನಡಕ ತೆಗೆದು ಮಿಷಿನ್ನಿನ ಮೇಲಿಟ್ಟು ಕಣ್ಣು ಒತ್ತಿಕೊಂಡರು. ಹಾಗಾದರೆ ಆರು ವರ್ಷ ನಾನು ನಿನ್ನ ತೋಳು ಕಾಯ್ಕೊಂಡು ಕೂತಿದ್ನೇನು ಎಂದರು. ಅದು ನನಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ಆಮೇಲೆ ಎದ್ದು ಸ್ಟೂಲು ಎಳೆದು ಬಲ್ಬಿನ ಕೆಳಗಿಟ್ಟರು.

"ತೆಗಿ ನಿನ್ನ ಹೊಸಾದು. ಇದನ್ನ ಜೀವ ಇರೋವಾಗಲೇ ಬಿಚ್ಚತೀನಿ. ಆಕಿ ಹೆಸರಿನ್ಯಾಗ ನಿನ್ನ ಮಾತು ಕೇಳೋದು ನನಗ ಬ್ಯಾಡ."

ಸ್ಟೂಲು ಹಿಡಿದುಕೊಂಡೆ. ಅವರು ಹತ್ತಿದರು. ಏಳು ವರ್ಷ ಆರದೆ ಉರಿದ ಗಾಜು, ಮುಟ್ಟಲಾಗುತ್ತಿರಲಿಲ್ಲ. ಅಸ್ತರಿನ ತುಂಡೊಂದನ್ನು ಮಡಚಿ ಕೈಗೆ ಸುತ್ತಿಕೊಂಡರು. ಬಲ್ಬನ್ನು ಹಿಡಿದು ಮೆಲ್ಲಗೆ ಮೇಲಕ್ಕೊತ್ತಿ ತಿರುಗಿಸಿದರು. ಬಲ್ಬಿನೊಳಗಿನ ಮುದಿ ತಂತಿ ಆ ಅಲುಗಾಟವನ್ನು ತಡೆಯಲಿಲ್ಲ. ಒಳಗೆ ಏನೋ ತೂಗಾಡಿತು, ಬೆಳಕು ಒಮ್ಮೆಲೇ ಬೆಳ್ಳಗಾಯಿತು, ಆ ಚಮಚದ ದನಿ ಅಂಗಡಿಯ ತುಂಬ ಮಾತಾಡಿತು.

"ಸಾಕು ಹೊಲಿದಿದ್ದು. ದೀಪ ಆರಿಸಿ ಸ್ವಲ್ಪ ಮಲಕ್ಕೋರಿ."

ಆಮೇಲೆ ಕತ್ತಲು. ಬಾಗಿಲಿನಿಂದ ಬರುವ ಹಗಲು ಮಿಷಿನ್ನಿನ ಗಾಲಿಯವರೆಗೆ ಮಾತ್ರ ತಲುಪುತ್ತಿತ್ತು. ಅದರಲ್ಲಿ ವಿಠೋಬಣ್ಣನ ಪಾದಗಳಷ್ಟೇ ಕಂಡವು. ಸ್ಟೂಲು ನಡುಗುತ್ತಿತ್ತು. ಅವರು ಅಳುತ್ತಿದ್ದಾರೆಂದು ನಾನು ಇನ್ನೂ ಬಿಗಿಯಾಗಿ ಹಿಡಿದೆ. ನಗುತ್ತಿದ್ದರು, ಸದ್ದಿಲ್ಲದೆ. ಎರಡೂ ಇದ್ದಿರಬಹುದು. ನನಗೆ ಬೇರೊಂದು ಯೋಚನೆ ಬಂತು. ನನಗಿಂತ ಮೆಲ್ಲಗೆ ಮಾತಾಡುವವರೊಬ್ಬರು ಈ ಊರಿನಲ್ಲಿದ್ದರು. ನನಗೆ ಗೊತ್ತೇ ಇರಲಿಲ್ಲ.

ಅವರು ಆರಿದ ಬಲ್ಬನ್ನು ಬಿಚ್ಚಿಕೊಂಡು ಕೆಳಗಿಳಿದರು. ಹೊಸ ಬೆಳಕು ಬರುವವರೆಗೆ ಮಾತಾಡುವಂತಿಲ್ಲ, ಹಾಗಾಗಿ ಎಲ್‌ಇಡಿಯ ಡಬ್ಬವನ್ನು ಸುಮ್ಮನೆ ಮುಂದೆ ಚಾಚಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ನನ್ನ ಕೈಯನ್ನು ಡಬ್ಬದ ಸಮೇತ ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಕತ್ತರಿಸುವ ಹಲಗೆಯ ಮೇಲಿದ್ದ ಬಟ್ಟೆಗಳನ್ನು ಒತ್ತಟ್ಟಿಗೆ ಸರಿಸಿ, ಅಸ್ತರಿನ ಸುರುಳಿಯನ್ನು ತಲೆಗಿಟ್ಟುಕೊಂಡು, ಬೆಳಗಿನ ಹನ್ನೊಂದು ಗಂಟೆಗೆ, ಕಾಲು ಚಾಚಿ ಮಲಗಿದರು. ಎರಡು ಕಿವಿಯೂ ಒಳಗೆ ಹೋಗುವ ಹಾಗೆ ಮುಂಡಾಸಿನ ಬಟ್ಟೆ ಎಳೆದುಕೊಂಡರು. ನೂರು ಎಣಿಸುವಷ್ಟರಲ್ಲಿ ಗೊರಕೆ ಕೇಳಿಸಿತು.

ನಾನು ಬಾಗಿಲ ಬೆಂಚಿನ ಮೇಲೆ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಜಾಕೀಟಿನ ಗುಂಡಿ ಬಿದ್ದಿದೆಯೆಂದು ಕೂಗುತ್ತ ಬಂದವರೊಬ್ಬರಿಗೆ ಖಾಲಿ ಹೋಲ್ಡರ್ ತೋರಿಸಿದೆ. ಅವರು ತಕ್ಷಣ ಬಾಯಿ ಮುಚ್ಚಿ ಬೆಂಚಿನಲ್ಲಿ ಕೂತರು. ಆಮೇಲೆ ಬಂದ ಹೆಂಗಸೂ ಹಾಗೇ ಕೂತಳು. ಊಟದ ಡಬ್ಬಿ ತಂದ ಮಗಳು ಹೋಲ್ಡರ್ ನೋಡಿದಳು, ಹಲಗೆಯ ಮೇಲಿನ ಅಪ್ಪನನ್ನು ನೋಡಿದಳು, ಡಬ್ಬಿಯನ್ನು ಸದ್ದಾಗದಂತೆ ಕೆಳಗಿಟ್ಟು ಗೋಡೆಗೆ ಒರಗಿದಳು. ಹನ್ನೆರಡಕ್ಕೆ ಪೂರ್ತಿ ಕರೆಂಟು ಬಂತು. ಓಣಿಯ ಉದ್ದಕ್ಕೂ ಅಂಗಡಿಗಳು ಒಂದೊಂದಾಗಿ ಬೆಳ್ಳಗಾದವು, ಮಿಷಿನ್ನುಗಳ ಮೇಲೆ ಚಿತ್ರಿಸಿದ ಹೂಗಳು ದೂರದಿಂದಲೇ ಎಣಿಸುವಷ್ಟು ನಿಚ್ಚಳವಾಗಿ ಕಂಡವು. ಯಾರೋ ನೋಡ್ರೋ ನೋಡ್ರೋ ಎಂದು ಕೂಗಿದರು. ನಮ್ಮ ಅಂಗಡಿಯೊಂದೇ ಕತ್ತಲಲ್ಲಿ ಗೊರಕೆ ಹೊಡೆಯುತ್ತಿತ್ತು.

ಸ್ವಲ್ಪ ಹೊತ್ತಿಗೆ ದಸ್ತಗೀರ್ ಸರ್ ಕೈಯಲ್ಲಿ ಪಟ್ಟಿ ಹಿಡಿದು, ಕೊನೆಯ ಅಂಗಡಿಗೆ ಯಾಕಿನ್ನೂ ಎಲ್‌ಇಡಿ ಹಾಕಿಲ್ಲ ಎಂದು ದೂರದಿಂದಲೇ ಕೇಳುತ್ತ ಬಂದರು. ನಾನು ಬೆರಳನ್ನು ಹೋಲ್ಡರಿನ ಕಡೆ ತೋರಿಸಿ, ಆಮೇಲೆ ಹಲಗೆಯ ಕಡೆ ತೋರಿಸಿದೆ. ಅವರು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ಪಟ್ಟಿಯನ್ನು ಮಡಚಿ ಜೇಬಿಗಿಟ್ಟು, ಶೂ ಬಿಚ್ಚಿ ಹೊಸ್ತಿಲ ಹೊರಗೆ ಜೋಡಿಸಿ, ಬೆಂಚಿನ ತುದಿಯಲ್ಲಿ ಉಳಿದಿದ್ದ ಒಂದು ಗೇಣು ಜಾಗದಲ್ಲಿ ಬಂದು ಕೂತರು.